ಇಂಗ್ಲೆಂಡಿನ ಹೊಸ ಬಾಡಿಗೆ ಕಾನೂನು: ಊರಿನಲ್ಲಿ ಕುಳಿತ ಮಾಲೀಕರು ಲೆಟಿಂಗ್ ಏಜೆಂಟರಿಗೆ ಏನನ್ನು ವಹಿಸಬಹುದು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೀಡಿಂಗ್‌ನಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಅತ್ತೆಯವರ ಆರೈಕೆಗಾಗಿ ನಾವು ಶಿವಮೊಗ್ಗಕ್ಕೆ ಮರಳಿದಾಗ ಅದನ್ನು ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟೆವು. ಮೂರು ವರ್ಷಗಳಿಂದ ಅವರೇ ಇದ್ದಾರೆ. ಬಾಡಿಗೆ ಒಮ್ಮೆಯೂ ತಡವಾಗಿಲ್ಲ, ಮನೆಯನ್ನೂ ಚೆನ್ನಾಗಿ ನೋಡಿಕೊಂಡಿದ್ದಾರೆ. ಬಾಡಿಗೆದಾರರನ್ನು ಹುಡುಕುವುದು, ಅವರ ಪೂರ್ವಾಪರ ವಿಚಾರಿಸುವುದು, ಕರಾರು ಬರೆಸುವುದು, ಇಷ್ಟನ್ನು ಮಾತ್ರ ಅಲ್ಲಿನ ಒಬ್ಬ ಲೆಟಿಂಗ್ ಏಜೆಂಟರಿಗೆ ವಹಿಸಿದ್ದೆವು. ಆಮೇಲಿನ ರಿಪೇರಿ, ಗ್ಯಾಸ್ ತಪಾಸಣೆ, ಬಾಡಿಗೆ ಹೆಚ್ಚಿಸುವ ಮಾತುಕತೆ ಎಲ್ಲವನ್ನೂ ಇಲ್ಲಿಂದಲೇ ಇಮೇಲ್ ಮತ್ತು ಫೋನಿನಲ್ಲಿ ನಡೆಸಿಕೊಂಡು ಬಂದಿದ್ದೇವೆ.

ಬಾಡಿಗೆದಾರರ ಹಕ್ಕುಗಳ ಕಾಯ್ದೆ, ಅಂದರೆ ರೆಂಟರ್ಸ್ ರೈಟ್ಸ್ ಆಕ್ಟ್, ಬರುವ 2026ರ ಮೇ 1ರಿಂದ ಜಾರಿಗೆ ಬರಲಿರುವುದರಿಂದ ಇನ್ನು ಮುಂದೆ ಸಂಪೂರ್ಣ ನಿರ್ವಹಣೆಯನ್ನು ತಮಗೇ ವಹಿಸುವುದು ಒಳ್ಳೆಯದು ಎಂದು ಆ ಏಜೆಂಟರು ಪತ್ರ ಬರೆದಿದ್ದಾರೆ. ಅವರು ಕೇಳುತ್ತಿರುವುದು ಬಾಡಿಗೆಯ ಶೇ. 12 ಮತ್ತು ಅದರ ಮೇಲೆ ವ್ಯಾಟ್. ಇದರ ನಡುವೆ ಲಂಡನ್ನಿನಲ್ಲಿರುವ ಪರಿಚಿತರೊಬ್ಬರು, ಏಪ್ರಿಲ್ ಮುಗಿಯುವುದರೊಳಗೆ, ಕಾರಣ ಹೇಳಬೇಕಾಗಿಲ್ಲದ ಸೆಕ್ಷನ್ 21ರ ನೋಟಿಸ್ ಕೊಟ್ಟು ಮನೆ ಖಾಲಿ ಮಾಡಿಸಿಕೊಳ್ಳಿ, ಆಮೇಲೆ ಹಾಗೆ ಮಾಡಲು ಬರುವುದಿಲ್ಲ ಎಂದು ಒತ್ತಾಯಿಸುತ್ತಿದ್ದಾರೆ. ಒಂದೆರಡು ವರ್ಷಗಳಲ್ಲಿ ಫ್ಲ್ಯಾಟನ್ನು ಮಾರಬೇಕಾಗಬಹುದು ಎಂಬ ಯೋಚನೆ ನಮಗಿರುವುದು ನಿಜ. ಆದರೆ ಮಗುವನ್ನು ಶಾಲೆಗೆ ಸೇರಿಸಿಕೊಂಡು ನೆಮ್ಮದಿಯಾಗಿರುವ ಕುಟುಂಬವನ್ನು ಕಾರಣವಿಲ್ಲದೆ ಎಬ್ಬಿಸಲು ಮನಸ್ಸು ಒಪ್ಪುವುದಿಲ್ಲ.

ಏಜೆಂಟರ ಕೈಗೆ ಎಲ್ಲವನ್ನೂ ಒಪ್ಪಿಸಿದರೆ ಕಾನೂನಿನ ಹೊಣೆಯೂ ಅವರದೇ ಆಗುತ್ತದೆಯೇ? ಇಲ್ಲವಾದರೆ ಶೇ. 12 ಕೊಟ್ಟು ನಾವು ಪಡೆಯುವುದಾದರೂ ಏನು? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.


ಹಳೆಯಏಜೆಂಟ್_ಮಿಲ್ಟನ್‌ಕೀನ್ಸ್

ತುಂಗಾತೀರ ಅವರೇ, ನಾನು ಇಲ್ಲಿನ ಒಂದು ಲೆಟಿಂಗ್ ಕಚೇರಿಯ ನಿರ್ವಹಣಾ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನು, ಈಗ ಆ ವೃತ್ತಿಯಲ್ಲಿಲ್ಲ. ಆದ್ದರಿಂದ ಯಾರ ಪರವಾಗಿಯೂ ಮಾತನಾಡಬೇಕಾದ ಅಗತ್ಯ ನನಗಿಲ್ಲ.

ಮೊದಲು ಸೆಕ್ಷನ್ 21ರ ಮಾತು, ಏಕೆಂದರೆ ಅವಸರದಲ್ಲಿ ನೀವು ಅದಕ್ಕೆ ಕೈಹಾಕಿದರೆ ಹಾನಿ ನಿಮಗೇ. ಕಾರಣ ಹೇಳದೆ ಮನೆ ತೆರವು ಮಾಡಿಸುವ ಆ ನೋಟಿಸನ್ನು ಏಪ್ರಿಲ್ 30ರವರೆಗೆ ಕೊಡಬಹುದು, ಅದರ ಆಧಾರದಲ್ಲಿ ನ್ಯಾಯಾಲಯಕ್ಕೆ ಹೋಗುವುದಾದರೆ ತಡವೆಂದರೆ ಜುಲೈ 31ರೊಳಗೆ ಹೋಗಬೇಕು ಎಂಬುದು ಸರಿ. ಆದರೆ ಹೊಸ ಕಾನೂನಿನಲ್ಲಿಯೂ ಮನೆಯನ್ನು ಮಾರುವವರಿಗೆ ಗ್ರೌಂಡ್ 1ಎ (ಗ್ರೌಂಡ್ ಎಂದರೆ ಮನೆ ತೆರವಿಗೆ ಕಾನೂನು ಒಪ್ಪುವ ಕಾರಣ) ಎಂಬ ದಾರಿ ಇದೆ. ಮಾಲೀಕರಾಗಲಿ ಅವರ ಹತ್ತಿರದ ಕುಟುಂಬದವರಾಗಲಿ ಬಂದು ವಾಸಿಸುವುದಾದರೆ ಗ್ರೌಂಡ್ 1 ಇದೆ. ಎರಡಕ್ಕೂ ನಾಲ್ಕು ತಿಂಗಳ ನೋಟಿಸ್ ಕೊಡಬೇಕು. ಬಾಡಿಗೆ ಶುರುವಾದ ಮೊದಲ 12 ತಿಂಗಳು ಇವನ್ನು ಬಳಸುವಂತಿಲ್ಲ. ನಿಮ್ಮ ಬಾಡಿಗೆದಾರರು ಮೂರು ವರ್ಷಗಳಿಂದ ಇರುವುದರಿಂದ ಆ 12 ತಿಂಗಳು ಈಗಾಗಲೇ ಕಳೆದಿದೆ, ಅಂದರೆ ಮಾರಾಟದ ನಿರ್ಧಾರ ಗಟ್ಟಿಯಾದ ದಿನ ನೀವು ಆ ದಾರಿಯನ್ನು ಹಿಡಿಯಬಹುದು. ಈಗ ಅವರನ್ನು ಎಬ್ಬಿಸಿ ಬೇರೆಯವರನ್ನು ತಂದರೆ 12 ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ನಡುವೆ ಮನೆ ಖಾಲಿ ಬಿದ್ದ ತಿಂಗಳುಗಳ ಬಾಡಿಗೆಯೂ ಹೋಗುತ್ತದೆ. ನಿಮ್ಮ ಪರಿಚಿತರ ಸಲಹೆ ನಿಮ್ಮ ಸ್ಥಿತಿಗೆ ಹೊಂದುವುದಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಇನ್ನು ಕಾನೂನು ಏನನ್ನು ಬದಲಿಸುತ್ತದೆ ಎಂಬುದು. 2025ರ ಅಕ್ಟೋಬರ್ 27ರಂದು ರಾಜಮುದ್ರೆ ಪಡೆದ ಈ ಕಾಯ್ದೆಯ ಪ್ರಕಾರ, ಇಂಗ್ಲೆಂಡಿನ ಖಾಸಗಿ ಬಾಡಿಗೆ ಮನೆಗಳಲ್ಲಿ ಆರು ತಿಂಗಳು ಅಥವಾ ಒಂದು ವರ್ಷ ಎಂದು ಬರೆಸಿಕೊಂಡ ಅವಧಿಗಳೆಲ್ಲ ಮೇ 1ರಂದು ಇಲ್ಲವಾಗಿ, ಪ್ರತಿಯೊಂದು ಬಾಡಿಗೆಯೂ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತದೆ. ಬೆಂಗಳೂರಿನ 11 ತಿಂಗಳ ಕರಾರಿಗೆ ಒಗ್ಗಿಹೋದ ನಮ್ಮವರಿಗೆ ಇದು ಮನಸ್ಸಿಗೆ ಇಳಿಯಲು ಸ್ವಲ್ಪ ಸಮಯ ಬೇಕಾಗುತ್ತದೆ. ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಮಾಲೀಕರು ಮಾತ್ರ ಕಾನೂನು ಹೇಳಿರುವ ಕಾರಣಗಳಲ್ಲಿ ಒಂದನ್ನು ತೋರಿಸಿ, ಅದಕ್ಕೆ ಸಾಕ್ಷ್ಯ ಒದಗಿಸಿಯೇ ಮನೆಯನ್ನು ಕೇಳಬೇಕು. ಇದರಿಂದ ಏಜೆಂಟರ ಕೆಲಸದ ಸ್ವರೂಪವೇ ಬದಲಾಗಿದೆ. ಮೊದಲು ಬಾಡಿಗೆದಾರರನ್ನು ತಂದು ಕೂರಿಸುವುದೇ ಮುಖ್ಯವಾಗಿತ್ತು, ಏನಾದರೂ ಕೆಟ್ಟರೆ ಸೆಕ್ಷನ್ 21 ಇದ್ದೇ ಇತ್ತು. ಈಗ ಬಾಡಿಗೆ ನಡೆಯುತ್ತಿರುವಾಗ ತಾರೀಖು ತಾರೀಖಿಗೆ ದಾಖಲೆ ಇಡುವುದೇ ಮುಖ್ಯ ಕೆಲಸ.

ಬಾಡಿಗೆ ಹೆಚ್ಚಿಸುವುದನ್ನೇ ತೆಗೆದುಕೊಳ್ಳಿ. ಇದುವರೆಗೆ ಪರಸ್ಪರ ಮಾತನಾಡಿ ಇಮೇಲಿನಲ್ಲಿ ಒಪ್ಪಿಕೊಂಡರೆ ಆಗುತ್ತಿತ್ತು, ಅಥವಾ ವರ್ಷಕ್ಕಿಷ್ಟು ಶೇಕಡಾ ಎಂದು ಕರಾರಿನಲ್ಲೇ ಬರೆಸಬಹುದಾಗಿತ್ತು. ಮೇ 1ರಿಂದ ಅಂತಹ ಷರತ್ತು ಊರ್ಜಿತವಲ್ಲ. ಸೆಕ್ಷನ್ 13ರಡಿ ನಿಗದಿತ ನಮೂನೆಯಲ್ಲಿ, ವರ್ಷಕ್ಕೆ ಒಂದೇ ಬಾರಿ, ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಮೊತ್ತ ಮಾರುಕಟ್ಟೆಗಿಂತ ಹೆಚ್ಚೆನಿಸಿದರೆ ಬಾಡಿಗೆದಾರರು ನ್ಯಾಯಮಂಡಳಿಗೆ ಹೋಗಬಹುದು. ಮಂಡಳಿಯು ನೀವು ಕೇಳಿದ್ದಕ್ಕಿಂತ ಹೆಚ್ಚು ನಿಗದಿ ಮಾಡುವಂತಿಲ್ಲ, ಹೆಚ್ಚಳವು ಹಿಂದಿನ ತಾರೀಖಿನಿಂದ ಅನ್ವಯವಾಗುವುದೂ ಇಲ್ಲ, ಬಾಡಿಗೆದಾರರಿಗೆ ತೀರಾ ಕಷ್ಟವಾಗುವುದಾದರೆ ಇನ್ನೂ ಎರಡು ತಿಂಗಳವರೆಗೆ ಅದನ್ನು ಮುಂದೂಡಲೂ ಬಹುದು. ಹಾಗಾಗಿ ಒಂದು ಮೊತ್ತವನ್ನು ಅಂದಾಜಿನಲ್ಲಿ ಬರೆದು ಕಳಿಸುವುದು ಬುದ್ಧಿವಂತಿಕೆಯಲ್ಲ. ನಿಮ್ಮ ಬೀದಿಯಲ್ಲಿ, ನಿಮ್ಮದೇ ಬಗೆಯ ಫ್ಲ್ಯಾಟುಗಳು ಜಾಹೀರಾತಿನಲ್ಲಿ ಕೇಳಿದ್ದೆಷ್ಟು ಎಂಬುದು ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ನಿಜವಾಗಿ ಎಷ್ಟಕ್ಕೆ ಹೋದವು ಎಂಬುದು ಸ್ಥಳೀಯ ಏಜೆಂಟರ ಕಡತದಲ್ಲಿ ಮಾತ್ರ ಇರುತ್ತದೆ. ಒಳ್ಳೆಯ ಏಜೆಂಟರಿಂದ ನೀವು ಪಡೆಯುವ ನಿಜವಾದ ಬೆಲೆಯುಳ್ಳ ವಸ್ತುಗಳಲ್ಲಿ ಅದೂ ಒಂದು.

ಬಾಡಿಗೆ ಬಾಕಿಯ ವಿಷಯದಲ್ಲಿಯೂ ಹೀಗೆಯೇ. ಕಡ್ಡಾಯವಾಗಿ ತೆರವಿಗೆ ಆದೇಶ ಸಿಗುವ ಗ್ರೌಂಡ್ 8ಕ್ಕೆ ಇದುವರೆಗೆ ಎರಡು ತಿಂಗಳ ಬಾಕಿ ಸಾಕಾಗಿತ್ತು, ಇನ್ನು ಮೂರು ತಿಂಗಳು ಬೇಕು. ನೋಟಿಸಿನ ಅವಧಿ ಎರಡು ವಾರದಿಂದ ನಾಲ್ಕು ವಾರಕ್ಕೆ ಏರಿದೆ. ನೋಟಿಸ್ ಕೊಡುವ ದಿನವೂ ವಿಚಾರಣೆಯ ದಿನವೂ ಅಷ್ಟು ಬಾಕಿ ಇರಬೇಕು. ಮೊದಲ ತಿಂಗಳು ಬಾಡಿಗೆ ಬಾರದ ಕೂಡಲೇ ವಿಚಾರಿಸಿ, ಕಾರಣ ಕೇಳಿ, ಕಂತುಗಳಲ್ಲಿ ತೀರಿಸುವ ಏರ್ಪಾಡನ್ನು ಬರಹದಲ್ಲಿ ಮಾಡಿಕೊಳ್ಳುವ ಏಜೆಂಟರಿದ್ದರೆ ಹೆಚ್ಚಿನ ಪ್ರಕರಣಗಳು ನ್ಯಾಯಾಲಯದವರೆಗೆ ಹೋಗುವುದೇ ಇಲ್ಲ. ಮೂರನೆಯ ತಿಂಗಳು ಎಚ್ಚೆತ್ತುಕೊಳ್ಳುವವರಿಂದ ಯಾರಿಗೂ ಉಪಯೋಗವಿಲ್ಲ.

ಸಾಕುಪ್ರಾಣಿಯ ವಿಚಾರ ಸಣ್ಣದೆಂದು ಅನೇಕರು ಭಾವಿಸುತ್ತಾರೆ. ಬಾಡಿಗೆದಾರರು ನಾಯಿಯನ್ನೋ ಬೆಕ್ಕನ್ನೋ ಸಾಕಲು ಬರಹದಲ್ಲಿ ಅನುಮತಿ ಕೇಳಿದರೆ ಸಾಮಾನ್ಯವಾಗಿ 28 ದಿನಗಳಲ್ಲಿ ಬರಹದಲ್ಲೇ ಉತ್ತರಿಸಬೇಕು, ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ನಿಮ್ಮದು ಫ್ಲ್ಯಾಟ್ ಆದ್ದರಿಂದ ಬಹುಶಃ ಮೂಲ ಮಾಲೀಕರಿಂದ ದೀರ್ಘಕಾಲಕ್ಕೆ ಗುತ್ತಿಗೆ ಪಡೆದ ಲೀಸ್‌ಹೋಲ್ಡ್ ಇರುತ್ತದೆ. ಮೂಲ ಲೀಸಿನಲ್ಲೇ ಪ್ರಾಣಿಗಳನ್ನು ನಿಷೇಧಿಸಿದ್ದರೆ ಅದು ಸಕಾರಣವಾಗುತ್ತದೆ. ಲೀಸಿನ ಪ್ರತಿಯನ್ನು ಏಜೆಂಟರ ಬಳಿ ಇರಿಸಿರಿ, ಪತ್ರ ಬಂದಾಗ ಹುಡುಕುತ್ತಾ ಕೂರುವ ಹಾಗಾಗಬಾರದು.


ಕಾವೇರಿಕಡೆಯವಳು

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತಲೇ, ತುಂಗಾತೀರ ಅವರ ಮೊದಲ ಪ್ರಶ್ನೆಗೆ ನೇರ ಉತ್ತರ ಇನ್ನೂ ಸಿಕ್ಕಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸ್ಲೌನಲ್ಲಿ ನಮ್ಮ ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ, ಈಗ ನಾನೇ ನೋಡಿಕೊಳ್ಳುತ್ತೇನೆ. ಏಜೆಂಟರಿಗೆ ಕೆಲಸವನ್ನು ವಹಿಸಬಹುದು, ಹೊಣೆಯನ್ನು ವಹಿಸಲಾಗದು. ಮಾಲೀಕರು ನೀವೇ ಆದ್ದರಿಂದ ಕಾನೂನು ಕೊನೆಗೆ ನಿಮ್ಮನ್ನೇ ಕೇಳುತ್ತದೆ.

ನಮಗೆ ಆದದ್ದನ್ನು ಹೇಳುತ್ತೇನೆ. ಸಂಪೂರ್ಣ ನಿರ್ವಹಣೆಗೆ ಒಪ್ಪಿಸಿದ್ದ ಏಜೆಂಟರು ಬಾಡಿಗೆದಾರರ ಠೇವಣಿಯನ್ನು ಪಡೆದುಕೊಂಡರು, ಆದರೆ ಅದನ್ನು 30 ದಿನಗಳೊಳಗೆ ಮಾನ್ಯತೆ ಪಡೆದ ಠೇವಣಿ ರಕ್ಷಣಾ ಯೋಜನೆಯಲ್ಲಿ ನೋಂದಾಯಿಸಲಿಲ್ಲ. ಬಾಡಿಗೆದಾರರು ಮನೆ ಬಿಡುವಾಗ ಆ ವಿಷಯ ಹೊರಬಂದಿತು. 2004ರ ಹೌಸಿಂಗ್ ಆಕ್ಟಿನ ಪ್ರಕಾರ ಇದಕ್ಕೆ ಠೇವಣಿಯ ಒಂದರಿಂದ ಮೂರು ಪಟ್ಟಿನವರೆಗೆ ಪರಿಹಾರ ಕೊಡಬೇಕಾಗುತ್ತದೆ, ಮತ್ತು ಅದನ್ನು ಮಾಲೀಕರಿಂದಲೇ ಕೇಳಬಹುದು. ನಾವು ಕೊಟ್ಟೆವು, ಏಜೆಂಟರಿಂದ ಅದನ್ನು ಮರಳಿ ಪಡೆಯಲು ದೂರು ಪರಿಹಾರ ಯೋಜನೆಗೆ ಹೋಗಬೇಕಾಯಿತು. ಹೊಸ ಕಾಯ್ದೆಯಲ್ಲಿ ಇದರ ತೂಕ ಕಡಿಮೆಯಾಗಿಲ್ಲ. ಠೇವಣಿಯನ್ನು ಸರಿಯಾಗಿ ರಕ್ಷಿಸಿರದಿದ್ದರೆ, ಗಂಭೀರ ಅನುಚಿತ ವರ್ತನೆಯಂತಹ ಕಾರಣಗಳನ್ನು ಬಿಟ್ಟರೆ, ಮನೆ ತೆರವಿನ ಆದೇಶವೇ ಸಿಗುವುದಿಲ್ಲ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಠೇವಣಿ ಇಲ್ಲಿ ಇಲ್ಲ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಐದು ವಾರದ ಬಾಡಿಗೆಯೇ ಮಿತಿ. ಮೊತ್ತ ಚಿಕ್ಕದೆಂದು ಆ ದಾಖಲೆಯನ್ನು ಉಪೇಕ್ಷಿಸಬೇಡಿ. ನೋಂದಣಿಯ ಪ್ರಮಾಣಪತ್ರವನ್ನು ನೀವೇ ಕಣ್ಣಾರೆ ನೋಡಿರಿ.

ದಂಡದ ಮೊತ್ತಗಳೂ ಏರಿವೆ. ಮೊದಲ ಅಥವಾ ಸಣ್ಣ ಉಲ್ಲಂಘನೆಗೆ ಸ್ಥಳೀಯ ಕೌನ್ಸಿಲ್ 7,000 ಪೌಂಡಿನವರೆಗೆ, ಗಂಭೀರವಾದ ಅಥವಾ ಮರುಕಳಿಸಿದ ಉಲ್ಲಂಘನೆಗೆ 40,000 ಪೌಂಡಿನವರೆಗೆ ದಂಡ ವಿಧಿಸಬಹುದು. ಪಡೆದ ಬಾಡಿಗೆಯನ್ನು ಹಿಂದಿರುಗಿಸುವಂತೆ ಹೇಳುವ ಬಾಡಿಗೆ ಮರುಪಾವತಿ ಆದೇಶದ ಗರಿಷ್ಠ ಮಿತಿ 12 ತಿಂಗಳ ಬಾಡಿಗೆಯಿಂದ 24 ತಿಂಗಳಿಗೆ ಏರಿದೆ. ಇದು ಏಜೆಂಟರಿಗೂ ಚೆನ್ನಾಗಿ ಗೊತ್ತು, ಕೆಲವರು ಈ ಭಯವನ್ನೇ ಮುಂದಿಟ್ಟುಕೊಂಡು ಸೇವೆಯನ್ನು ಮಾರುತ್ತಿದ್ದಾರೆ. ನಿಮಗೆ ಬಂದ ಪತ್ರವೂ ಅಂಥದ್ದಿರಬಹುದು, ಇಲ್ಲದೆಯೂ ಇರಬಹುದು. ಅದನ್ನು ತಿಳಿಯಲು ಅವರ ಒಪ್ಪಂದದ ಕರಡನ್ನು ತರಿಸಿಕೊಂಡು ಓದುವುದೊಂದೇ ದಾರಿ.

ಓದುವಾಗ ನವೀಕರಣ ಶುಲ್ಕದ ಷರತ್ತಿನ ಮೇಲೆ ಕಣ್ಣಿಡಿ. ನಿಗದಿತ ಅವಧಿಯೇ ಇಲ್ಲವಾದ ಮೇಲೆ ನವೀಕರಿಸಲು ಏನೂ ಉಳಿಯುವುದಿಲ್ಲ. ಆದರೂ ಅದೇ ಬಾಡಿಗೆದಾರರು ಇರುವಷ್ಟು ಕಾಲ ಪ್ರತಿ ವರ್ಷ ಕಮಿಷನ್ ಕೊಡಬೇಕೆಂಬ ಮಾತನ್ನು ಬೇರೆ ಹೆಸರಿನಲ್ಲಿ ಸೇರಿಸಿರುವ ಒಪ್ಪಂದಗಳನ್ನು ನಾನು ಕಂಡಿದ್ದೇನೆ. 2009ರಲ್ಲಿ ಫಾಕ್ಸ್‌ಟನ್ಸ್ ಪ್ರಕರಣದಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಇಂತಹ ನವೀಕರಣ ಕಮಿಷನ್ ಷರತ್ತುಗಳು ಸಾಮಾನ್ಯ ಮಾಲೀಕರ ಮಟ್ಟಿಗೆ ನ್ಯಾಯಸಮ್ಮತವಲ್ಲವೆಂದು ತೀರ್ಪು ಕೊಟ್ಟಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮಾತನಾಡಿ. ರಿಪೇರಿಗೆ ನಿಮ್ಮನ್ನು ಕೇಳದೆ ಎಷ್ಟರವರೆಗೆ ಖರ್ಚು ಮಾಡಬಹುದು, ಆ ಬಿಲ್ಲಿನ ಮೇಲೆ ತಮ್ಮ ಪಾಲು ಸೇರಿಸುತ್ತಾರೆಯೇ, ಬಾಡಿಗೆದಾರರು ನ್ಯಾಯಮಂಡಳಿಗೆ ಹೋದರೆ ಅಲ್ಲಿ ಉತ್ತರಿಸುವವರು ಯಾರು, ಅದಕ್ಕೆ ಬೇರೆ ಶುಲ್ಕವೇ, ಒಪ್ಪಂದ ಮುರಿದರೆ ಕಡತಗಳನ್ನೆಲ್ಲ ನಿಮಗೆ ಒಪ್ಪಿಸುತ್ತಾರೆಯೇ, ಇವಕ್ಕೆಲ್ಲ ಬರಹದಲ್ಲಿ ಉತ್ತರ ಪಡೆಯಿರಿ. ಗ್ರಾಹಕರ ಹಣ ರಕ್ಷಣಾ ಯೋಜನೆಯ ಸದಸ್ಯತ್ವ 2019ರ ಏಪ್ರಿಲ್‌ನಿಂದಲೂ, ದೂರು ಪರಿಹಾರ ಯೋಜನೆಯ ಸದಸ್ಯತ್ವ 2014ರ ಅಕ್ಟೋಬರ್‌ನಿಂದಲೂ ಏಜೆಂಟರಿಗೆ ಕಡ್ಡಾಯವಾಗಿವೆ. ಇವೆರಡೂ ಇಲ್ಲದವರೊಂದಿಗೆ ಮಾತನ್ನೇ ಮುಂದುವರಿಸಬಾರದು.

ಮಾಲೀಕರ ವಿರುದ್ಧದ ದೂರುಗಳನ್ನು ಕೇಳಲು ಬರಲಿರುವ ಒಂಬುಡ್ಸ್‌ಮನ್ ವ್ಯವಸ್ಥೆಗೆ ಮತ್ತು ಬಾಡಿಗೆ ಮನೆಗಳ ರಾಷ್ಟ್ರೀಯ ದತ್ತಸಂಚಯಕ್ಕೆ, ಏಜೆಂಟರಿದ್ದರೂ, ನೀವೇ ಸೇರಬೇಕಾಗುತ್ತದೆ. ದತ್ತಸಂಚಯವನ್ನು 2026ರ ಕೊನೆಯ ಭಾಗದಿಂದ ಹಂತಹಂತವಾಗಿ ತರುವುದಾಗಿ ಸರ್ಕಾರ ಹೇಳಿದೆ, ಒಂಬುಡ್ಸ್‌ಮನ್ ಅದಾದ ನಂತರ.

ಇನ್ನೊಂದು ಎಚ್ಚರಿಕೆ. ಊರಿನಲ್ಲಿರುವ ಮಾಲೀಕರಿಗೆ ‘ತಿಂಗಳಿಗೆ ಇಷ್ಟು ಬಾಡಿಗೆ ಖಾತರಿ, ಮನೆಯ ಚಿಂತೆ ಬಿಡಿ’ ಎಂದು ಹೇಳಿ, ಮನೆಯನ್ನು ತಾವೇ ಬಾಡಿಗೆಗೆ ಪಡೆದು ಬೇರೆಯವರಿಗೆ ಒಳಬಾಡಿಗೆ ಕೊಡುವ ಕಂಪನಿಗಳಿವೆ. ಅಂಥವರು ಪರವಾನಗಿ ಇಲ್ಲದೆ ಕೋಣೆಗೊಬ್ಬರಂತೆ ಜನರನ್ನು ತುಂಬಿದರೆ, 2023ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಾಡಿಗೆ ಮರುಪಾವತಿ ಆದೇಶ ಮೂಲ ಮಾಲೀಕರವರೆಗೆ ಬರುತ್ತಿರಲಿಲ್ಲ. ಹೊಸ ಕಾಯ್ದೆ ಆ ರಕ್ಷಣೆಯನ್ನು ತೆಗೆದುಹಾಕಿದೆ. ಅವರು ಏಜೆಂಟರಲ್ಲ, ನಿಮ್ಮ ಬಾಡಿಗೆದಾರರು. ಆ ದಾರಿಗೆ ದಯವಿಟ್ಟು ಹೋಗಬೇಡಿ.


ಉಡುಪಿ_ಲೆಸ್ಟರ್

ನಾನು ಮಾಲೀಕಳಲ್ಲ, ಲೆಸ್ಟರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ಬಾಡಿಗೆ ಮನೆಯಲ್ಲಿರುವವಳು. ಆದರೂ ಎರಡು ವಿಷಯ ಹೇಳಬೇಕೆನಿಸಿತು.

ಕಾವೇರಿಕಡೆಯವರು ಹೊಣೆಯನ್ನು ವಹಿಸಲಾಗದು ಎಂದಿದ್ದಾರೆ. ಅದಕ್ಕೆ ಒಂದು ಅಪವಾದವಿದೆ. ವಲಸೆ ಕಾನೂನಿನ ಪ್ರಕಾರ ಬಾಡಿಗೆದಾರರಿಗೆ ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇರುವ ಹಕ್ಕಿದೆಯೇ ಎಂದು ಮಾಡುವ ರೈಟ್ ಟು ರೆಂಟ್ ತಪಾಸಣೆಯನ್ನು ಏಜೆಂಟರು ಮಾಡುತ್ತಾರೆಂದು ಬರಹದಲ್ಲಿ ಒಪ್ಪಿಕೊಂಡಿದ್ದರೆ, ಅದರಲ್ಲಿ ತಪ್ಪಾದಾಗ ದಂಡ ಏಜೆಂಟರ ಮೇಲೆಯೇ ಬೀಳುತ್ತದೆ. 2024ರ ಫೆಬ್ರವರಿಯಿಂದ ಈ ದಂಡ ಮೊದಲ ಬಾರಿಗೆ ಪ್ರತಿ ವಾಸಿಗೆ 10,000 ಪೌಂಡಿನವರೆಗೆ, ಮರುಕಳಿಸಿದರೆ 20,000 ಪೌಂಡಿನವರೆಗೆ ಇದೆ. ನನ್ನಂತೆ ಅವಧಿ ಇರುವ ವೀಸಾದಲ್ಲಿರುವವರನ್ನು ಒಮ್ಮೆ ತಪಾಸಣೆ ಮಾಡಿದರೆ ಸಾಲದು, ಮುಂದೆ ಮತ್ತೊಮ್ಮೆ ಮಾಡಬೇಕು. ಆ ಎರಡನೆಯ ತಪಾಸಣೆಯೂ ಏಜೆಂಟರ ಪಾಲಿಗೆ ಸೇರಿದೆಯೆಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.

ಎರಡನೆಯದು, ಮುಂದೆಂದಾದರೂ ನೀವು ಹೊಸ ಬಾಡಿಗೆದಾರರನ್ನು ಹುಡುಕುವಾಗ ಉಪಯೋಗಕ್ಕೆ ಬರುವ ಮಾತು. ಊರಿನಿಂದ ಹೊಸದಾಗಿ ಬಂದವರಿಗೆ ಇಲ್ಲಿ ಕ್ರೆಡಿಟ್ ಇತಿಹಾಸ ಇರುವುದಿಲ್ಲ. ಇದುವರೆಗೆ ನಮ್ಮಲ್ಲಿ ಅನೇಕರು ಆರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಮನೆ ಪಡೆದಿದ್ದಾರೆ; ಅದಕ್ಕಾಗಿ ಊರಿನಲ್ಲಿ ಚಿನ್ನ ಅಡವಿಟ್ಟವರನ್ನೂ ನಾನು ಬಲ್ಲೆ. ಹೊಸ ಕಾನೂನಿನಲ್ಲಿ ಕರಾರಿಗೆ ಸಹಿ ಹಾಕುವ ಮೊದಲು ಬಾಡಿಗೆಯನ್ನೇ ಪಡೆಯುವಂತಿಲ್ಲ, ಸಹಿಯಾದ ಮೇಲೆ ಬಾಡಿಗೆ ಆರಂಭವಾಗುವುದರೊಳಗೆ ಒಂದು ತಿಂಗಳದ್ದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಇದು ನಮ್ಮಂಥವರ ರಕ್ಷಣೆಗೇ ಬಂದದ್ದು, ಆದರೆ ಇಲ್ಲಿ ಜಾಮೀನುದಾರರಿಲ್ಲದವರಿಗೆ ಮನೆ ಸಿಗುವುದೇ ಕಷ್ಟವಾಗಬಹುದು ಎಂಬ ಆತಂಕವೂ ಇದೆ. ಏಜೆಂಟರ ನಿಜವಾದ ಯೋಗ್ಯತೆ ಇಲ್ಲಿ ಕಾಣುತ್ತದೆ. ಕಂಪ್ಯೂಟರಿನ ಅಂಕ ಕಡಿಮೆ ಬಂದಿತೆಂದು ಅರ್ಜಿಯನ್ನು ತಳ್ಳಿಬಿಡುವವರೂ ಇದ್ದಾರೆ. ಉದ್ಯೋಗದಾತರ ಪತ್ರ, ಸಂಬಳದ ವಿವರ, ಊರಿನ ಬ್ಯಾಂಕಿನ ದಾಖಲೆಗಳನ್ನು ತಾಳ್ಮೆಯಿಂದ ನೋಡಿ ಮಾಲೀಕರಿಗೆ ವಿವರಿಸುವವರೂ ಇದ್ದಾರೆ. ಎರಡನೆಯ ಬಗೆಯವರು ಸಿಕ್ಕಿದ್ದರಿಂದ ನನಗೆ ಮನೆ ಸಿಕ್ಕಿತು. ಜಾಹೀರಾತಿನಲ್ಲಿ ಹೇಳಿದ ಬಾಡಿಗೆಗಿಂತ ಹೆಚ್ಚು ಕೊಡುತ್ತೇನೆಂದು ಯಾರಾದರೂ ಬಂದರೆ ಅದನ್ನು ಒಪ್ಪುವಂತಿಲ್ಲ, ಮಕ್ಕಳಿರುವವರು ಅಥವಾ ಸರ್ಕಾರದ ನೆರವು ಪಡೆಯುವವರು ಬೇಡವೆನ್ನುವಂತೆಯೂ ಇಲ್ಲ. ಈ ನಿಯಮಗಳನ್ನು ನಿಮ್ಮ ಪರವಾಗಿ ಜಾಹೀರಾತು ಕೊಡುವವರು ಪಾಲಿಸದಿದ್ದರೆ ಹೆಸರು ಕೆಡುವುದು ನಿಮ್ಮದು.

ನಿಮ್ಮ ಬಾಡಿಗೆದಾರರ ಮಗುವಿನ ಶಾಲೆಯ ಬಗ್ಗೆ ನೀವು ಯೋಚಿಸಿದ್ದು ಓದಿ ಸಂತೋಷವಾಯಿತು. ಅವರಿಗೆ ಒಂದು ಪತ್ರ ಬರೆದು, ಸದ್ಯಕ್ಕೆ ನಿಮ್ಮನ್ನು ಎಬ್ಬಿಸುವ ಉದ್ದೇಶವಿಲ್ಲ ಎಂದು ತಿಳಿಸಿ. ಈ ತಿಂಗಳುಗಳಲ್ಲಿ ಬಾಡಿಗೆ ಮನೆಗಳಲ್ಲಿರುವವರೆಲ್ಲ ಅಂತಹ ಒಂದು ಮಾತಿಗಾಗಿ ಕಾಯುತ್ತಿದ್ದಾರೆ.


ಲೆಕ್ಕಪತ್ರ_ಜಯನಗರ

ತೆರಿಗೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ವಿದೇಶದಲ್ಲಿರುವ ಮಾಲೀಕರ ಏಜೆಂಟರಿಗೆ ಅಲ್ಲಿಯೂ ಒಂದು ಕಾನೂನುಬದ್ಧ ಪಾತ್ರವಿದೆ. ಮಾಲೀಕರು ಬ್ರಿಟನ್ನಿನ ಹೊರಗೆ ಆರು ತಿಂಗಳು ಅಥವಾ ಹೆಚ್ಚು ಕಾಲ ನೆಲೆಸಿದ್ದರೆ, ಬಾಡಿಗೆ ಸಂಗ್ರಹಿಸುವ ಏಜೆಂಟರು ಖರ್ಚು ಕಳೆದು ಉಳಿದ ಮೊತ್ತದಲ್ಲಿ ಶೇ. 20ರಷ್ಟನ್ನು ಹಿಡಿದು, ಮೂರು ತಿಂಗಳಿಗೊಮ್ಮೆ ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಕಟ್ಟಬೇಕು. ಏಜೆಂಟರಿಲ್ಲದೆ ಬಾಡಿಗೆದಾರರೇ ನೇರವಾಗಿ ನಿಮಗೆ ವಾರಕ್ಕೆ 100 ಪೌಂಡಿಗಿಂತ ಹೆಚ್ಚು ಕೊಡುತ್ತಿದ್ದರೆ ಈ ಕರ್ತವ್ಯ ಬಾಡಿಗೆದಾರರ ಮೇಲೆ ಬೀಳುತ್ತದೆ. ರೀಡಿಂಗಿನ ಫ್ಲ್ಯಾಟಿನ ಬಾಡಿಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಎನ್‌ಆರ್‌ಎಲ್1 ಅರ್ಜಿ ಸಲ್ಲಿಸಿ ಎಚ್‌ಎಂಆರ್‌ಸಿಯ ಅನುಮತಿ ಪಡೆದಿದ್ದರೆ ಬಾಡಿಗೆ ಪೂರ್ತಿಯಾಗಿ ನಿಮ್ಮ ಕೈಸೇರುತ್ತದೆ; ಗಂಡ–ಹೆಂಡತಿ ಇಬ್ಬರ ಹೆಸರಿನಲ್ಲಿ ಆಸ್ತಿ ಇದ್ದರೆ ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು. ಅನುಮತಿ ಸಿಕ್ಕಿತೆಂದರೆ ತೆರಿಗೆ ಮನ್ನಾ ಎಂದಲ್ಲ, ಅಲ್ಲಿನ ವಾರ್ಷಿಕ ವಿವರಪಟ್ಟಿಯನ್ನು ಸಲ್ಲಿಸಲೇಬೇಕು. ಭಾರತದಲ್ಲಿ ನೀವು ಸಾಮಾನ್ಯ ನಿವಾಸಿಗಳಾದ ಮೇಲೆ ಆ ಬಾಡಿಗೆಯನ್ನು ಇಲ್ಲಿಯೂ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ಎರಡು ದೇಶಗಳ ಒಪ್ಪಂದದಡಿ ಜಮೆ ಪಡೆಯಬೇಕು. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗುವುದರಿಂದ ತಿಂಗಳವಾರು ಲೆಕ್ಕ ಕೈಯಲ್ಲಿಲ್ಲದಿದ್ದರೆ ಎರಡೂ ಕಡೆ ತೊಡಕಾಗುತ್ತದೆ. ಏಜೆಂಟರಿಂದ ಪ್ರತಿ ತಿಂಗಳ ವಿವರಪಟ್ಟಿ ಬರುವುದಾದರೆ ನನ್ನಂಥವರ ಕೆಲಸ ಅರ್ಧ ಕಡಿಮೆಯಾಗುತ್ತದೆ. ಬ್ರಿಟನ್ನಿನ ತೆರಿಗೆ ಲೆಕ್ಕದಲ್ಲಿ ಅವರ ಶುಲ್ಕವೂ ಬಾಡಿಗೆ ಆದಾಯದಿಂದ ಕಳೆಯಬಹುದಾದ ಖರ್ಚೇ.

ವಿಳಾಸದ ವಿಷಯವನ್ನೂ ಗಮನಿಸಿ. ಬಾಡಿಗೆದಾರರು ನೋಟಿಸುಗಳನ್ನು ಕಳಿಸಲು ಇಂಗ್ಲೆಂಡ್ ಅಥವಾ ವೇಲ್ಸಿನ ಒಂದು ವಿಳಾಸವನ್ನು ಮಾಲೀಕರು ಬರಹದಲ್ಲಿ ಕೊಟ್ಟಿರಬೇಕೆಂದು 1987ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟಿನ ಸೆಕ್ಷನ್ 48 ಹೇಳುತ್ತದೆ. ಅದನ್ನು ಕೊಡುವವರೆಗೆ ಬಾಡಿಗೆ ಬಾಕಿಯೆಂದು ಕೇಳುವಂತೆಯೇ ಇಲ್ಲ. ಶಿವಮೊಗ್ಗದ ವಿಳಾಸ ಇದಕ್ಕೆ ಆಗದು. ಸಾಮಾನ್ಯವಾಗಿ ಏಜೆಂಟರ ಕಚೇರಿಯ ವಿಳಾಸವನ್ನೇ ಕೊಡುತ್ತಾರೆ.


ತುಂಗಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಸೆಕ್ಷನ್ 21ರ ಯೋಚನೆಯನ್ನು ಬಿಟ್ಟಿದ್ದೇವೆ, ಬಾಡಿಗೆದಾರರಿಗೆ ಇಂದೇ ಪತ್ರ ಬರೆಯುತ್ತೇವೆ. ಎನ್‌ಆರ್‌ಎಲ್1 ಅನುಮತಿ ಇಬ್ಬರಿಗೂ ಇದೆ. ನೋಟಿಸುಗಳಿಗೆ ಕರಾರಿನಲ್ಲಿ ಏಜೆಂಟರ ವಿಳಾಸವೇ ಇದೆ, ಆದ್ದರಿಂದ ಅವರನ್ನು ಬಿಡುವುದಾದರೆ ಅದನ್ನು ಬದಲಿಸಬೇಕೆಂಬುದೂ ಈಗ ತಿಳಿಯಿತು. ಉಳಿದಿರುವುದು ಒಂದೇ ಪ್ರಶ್ನೆ. ರಿಪೇರಿಗೆ ಜನರನ್ನು ಕಳಿಸುವುದು ನಮಗೆ ಕಷ್ಟವಾಗಿಲ್ಲ. ಅಲ್ಲಿದ್ದಾಗ ಪರಿಚಯವಾದ ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರೂ ಈಗಲೂ ಕರೆದರೆ ಬರುತ್ತಾರೆ. ನಮಗೆ ಭಯವಿರುವುದು ನೋಟಿಸು, ನಮೂನೆ, ತಾರೀಖುಗಳದ್ದು. ಅಷ್ಟನ್ನು ಮಾತ್ರ ವಹಿಸಲು ಸಾಧ್ಯವೇ?


ಹಳೆಯಏಜೆಂಟ್_ಮಿಲ್ಟನ್‌ಕೀನ್ಸ್

ಸಾಧ್ಯ. ಬಾಡಿಗೆದಾರರನ್ನು ಹುಡುಕಿಕೊಡುವ ಸೇವೆಗೂ ಸಂಪೂರ್ಣ ನಿರ್ವಹಣೆಗೂ ನಡುವೆ ಬಾಡಿಗೆ ಸಂಗ್ರಹಣೆಯ ಸೇವೆ ಎಂಬುದೊಂದಿದೆ. ಏಜೆಂಟರು ಅದನ್ನು ತಾವಾಗಿ ಮುಂದೆ ತರುವುದು ಕಡಿಮೆ, ನೀವೇ ಕೇಳಬೇಕು. ಲೆಕ್ಕಕ್ಕಾಗಿ ಬಾಡಿಗೆ ತಿಂಗಳಿಗೆ 1,500 ಪೌಂಡ್ ಎಂದಿಟ್ಟುಕೊಳ್ಳಿ. ಶೇ. 12 ಎಂದರೆ 180, ಅದರ ಮೇಲೆ ಶೇ. 20 ವ್ಯಾಟ್ ಸೇರಿ 216. ವರ್ಷಕ್ಕೆ 2,592 ಪೌಂಡ್. ಮಧ್ಯದ ಸೇವೆಗೆ ಶೇ. 8ಕ್ಕೆ ಒಪ್ಪಿಸಿದರೆ ವರ್ಷಕ್ಕೆ 1,728 ಪೌಂಡ್. ಉಳಿಯುವ 864 ಪೌಂಡಿನಲ್ಲಿ ಗ್ಯಾಸ್ ತಪಾಸಣೆ ಮತ್ತು ಒಂದಿಷ್ಟು ರಿಪೇರಿ ನಡೆದುಹೋಗುತ್ತದೆ. ಆದರೆ ಆ ಕಡಿಮೆ ದರದಲ್ಲಿ ಸೆಕ್ಷನ್ 13ರ ನೋಟಿಸ್, ಬಾಕಿ ಬಂದಾಗ ಕಾರಣ ತೋರಿಸಿ ಮನೆ ಕೇಳುವ ಸೆಕ್ಷನ್ 8ರ ನೋಟಿಸ್, ಸಾಕುಪ್ರಾಣಿಯ ಅರ್ಜಿಗೆ ಉತ್ತರ, ವರ್ಷಕ್ಕೊಮ್ಮೆಯ ಗ್ಯಾಸ್ ಪ್ರಮಾಣಪತ್ರ ಮತ್ತು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ವಿದ್ಯುತ್ ತಪಾಸಣೆಯ ತಾರೀಖುಗಳನ್ನು ಮುಂಚಿತವಾಗಿ ನೆನಪಿಸುವುದು, ಇವು ಸೇರಿವೆಯೋ ಪ್ರತಿಯೊಂದಕ್ಕೂ ಬೇರೆ ಬೇರೆ ಶುಲ್ಕವೋ ಎಂದು ಕೇಳಿ. ಬೇರೆ ಶುಲ್ಕಗಳೆಲ್ಲ ಕೂಡಿ ಉಳಿತಾಯವನ್ನು ನುಂಗಿಬಿಡುವುದನ್ನು ನಾನು ಕಚೇರಿಯ ಒಳಗಿನಿಂದಲೇ ಕಂಡಿದ್ದೇನೆ. ದೂರದಲ್ಲಿರುವ ಮಾಲೀಕರಿಗೆ ವರ್ಷಕ್ಕೆ ಒಂದೆರಡು ಬಾರಿ ಮನೆಯೊಳಗೆ ಹೋಗಿ ನೋಡಿ, ಫೋಟೋ ಸಹಿತ ವರದಿ ಕೊಡುವ ಏರ್ಪಾಡೂ ಇರಲಿ. ಗೋಡೆಯ ತೇವ, ಬೂಷ್ಟು ಇವು ಫೋನಿನಲ್ಲಿ ಗೊತ್ತಾಗುವುದಿಲ್ಲ. ಬಾಡಿಗೆದಾರರು ಸಂಕೋಚದಿಂದ ಹೇಳದೇ ಇರಬಹುದು, ತಡವಾದರೆ ಅವರ ಆರೋಗ್ಯಕ್ಕೂ ನಿಮ್ಮ ಮನೆಗೂ ಕೆಡುಕು.

ಮಾರಾಟದ ಯೋಚನೆಯನ್ನು ಏಜೆಂಟರಿಗೆ ಈಗಲೇ ತಿಳಿಸಿರಿ. ಗ್ರೌಂಡ್ 1ಎ ನೋಟಿಸ್ ಕೊಟ್ಟ ಮೇಲೆ ಮಾರುವ ಉದ್ದೇಶಕ್ಕೆ ಸಾಕ್ಷ್ಯ ಬೇಕಾಗುತ್ತದೆ. ಸಾಲಿಸಿಟರ್ ಅಥವಾ ಮಾರಾಟದ ಏಜೆಂಟರೊಂದಿಗಿನ ಪತ್ರವ್ಯವಹಾರ ಅದಕ್ಕೆ ಒದಗುತ್ತದೆ. ಆ ನೋಟಿಸಿನ ಬಳಿಕ ಮನೆ ಮಾರಾಟವಾಗದಿದ್ದರೂ 12 ತಿಂಗಳು ಅದನ್ನು ಮತ್ತೆ ಬಾಡಿಗೆಗೆ ಕೊಡುವಂತಿಲ್ಲ, ಜಾಹೀರಾತನ್ನೂ ಹಾಕುವಂತಿಲ್ಲ. ಆದ್ದರಿಂದ ನೋಟಿಸಿಗೆ ಮುಂಚೆ, ಬಾಡಿಗೆದಾರರು ಇರುವಂತೆಯೇ ಮನೆಯನ್ನು ಕೊಳ್ಳುವ ಬೇರೆ ಮಾಲೀಕರು ಸಿಗುತ್ತಾರೆಯೇ ಎಂದು ವಿಚಾರಿಸಲು ಹೇಳಿ. ಅದು ಕೂಡಿಬಂದರೆ ಮಗುವಿನ ಶಾಲೆಯೂ ತಪ್ಪುವುದಿಲ್ಲ.

ತಕ್ಷಣದ ಕೆಲಸ ಒಂದಿದೆ. ಈಗಿರುವ ಬಾಡಿಗೆದಾರರಿಗೆ, ಕರಾರಿನಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ, ಈ ಕಾಯ್ದೆಯ ಬಗ್ಗೆ ಸರ್ಕಾರ ಪ್ರಕಟಿಸುವ ಮಾಹಿತಿ ಪತ್ರವನ್ನು ಮೇ 31ರೊಳಗೆ ಕೊಡಬೇಕು. ಕೊಡದಿದ್ದರೆ 7,000 ಪೌಂಡಿನವರೆಗೆ ದಂಡ ಬೀಳಬಹುದು. ಹೊಸ ಒಪ್ಪಂದದ ಚರ್ಚೆ ಮೇ ತಿಂಗಳಿನವರೆಗೆ ಎಳೆದರೆ, ಇದನ್ನು ಅವರು ಕೊಡುತ್ತಾರೆಂದು ನೀವೂ ನೀವು ಕೊಡುತ್ತೀರೆಂದು ಅವರೂ ಕುಳಿತುಬಿಡುವ ಸಾಧ್ಯತೆ ಇದೆ. ಯಾರು ಕೊಡುವವರು ಎಂದು ಇಂದಿನ ಇಮೇಲಿನಲ್ಲೇ ಕೇಳಿಬಿಡಿ, ಕೊಟ್ಟ ದಿನದ ದಾಖಲೆಯ ಒಂದು ಪ್ರತಿಯನ್ನು ನಿಮಗೂ ಕಳಿಸಬೇಕೆಂದು ಬರೆಯಿರಿ.